ಹೊಸ ಉಪ್ಪುನೀರಿನ ಟ್ಯಾಂಕ್: 36 ದಿನದ ಸೈಕಲ್, ಟೆಸ್ಟ್ ಕಿಟ್‌ನ ಲೆಕ್ಕ

ಮೀನು ಬಿಡುವ ಮೊದಲು, ಅದರ ತ್ಯಾಜ್ಯದ ಅಮೋನಿಯಾವನ್ನು ಅರಗಿಸುವ ಸೂಕ್ಷ್ಮಜೀವಿಗಳನ್ನು ಹೊಸ ಟ್ಯಾಂಕಿನಲ್ಲಿ ಬೆಳೆಸಿಕೊಳ್ಳುವುದಕ್ಕೆ ಸೈಕಲ್ ಎನ್ನುತ್ತಾರೆ. ಸೈಕಲ್ ನಡೆಯುತ್ತಿರುವ ಟ್ಯಾಂಕಿನಲ್ಲಿ ನೈಟ್ರೇಟ್ 80 ಪಿಪಿಎಂ (ಲೀಟರಿಗೆ 80 ಮಿ.ಗ್ರಾಂ) ಅಂತ ನೀರು ಅಳೆಯುವ ಕಿಟ್ ತೋರಿಸಿದರೆ ಹೆಚ್ಚಿನವರ ಕೈ ನೇರ ಬಕೆಟ್‌ಗೆ ಹೋಗುತ್ತದೆ. ಅರ್ಧ ನೀರು ಚೆಲ್ಲಿ ಹೊಸದು ಹಾಕುತ್ತಾರೆ. ಆದರೆ ಟ್ಯಾಂಕಿಗೆ ಅಲ್ಲಿಯತನಕ ಹಾಕಿದ ಅಮೋನಿಯಾ ಒಟ್ಟು 3 ಪಿಪಿಎಂ ಮಾತ್ರ ಆಗಿದ್ದರೆ ಅದರಿಂದ 80 ನೈಟ್ರೇಟ್ ಹುಟ್ಟಲು ಸಾಧ್ಯವೇ ಇಲ್ಲ. ಹೆಚ್ಚೆಂದರೆ ಹತ್ತು, ಹತ್ತೂವರೆ. ಉಳಿದದ್ದು ಕಿಟ್‌ನ ಸುಳ್ಳು. ಆ ಸುಳ್ಳಿಗೊಂದು ಕಾರಣವಿದೆ, ಅದು 16ನೇ ದಿನದ ಟಿಪ್ಪಣಿಯಲ್ಲಿ ಬರುತ್ತದೆ.

ಸೈಕಲ್ ಅಂದರೆ ಜಮಾ-ಖರ್ಚಿನ ಪುಸ್ತಕ. ಒಳಗೆ ಹೋದ ಸಾರಜನಕ ಯಾವುದಾದರೂ ಒಂದು ಕಾಲಂನಲ್ಲಿ ಕಾಣಿಸಲೇಬೇಕು. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಸಾರಜನಕ ಅಷ್ಟೇ ಇದ್ದರೂ ಜೊತೆಗೆ ಆಮ್ಲಜನಕ ಸೇರುತ್ತಾ ಹೋಗುವುದರಿಂದ ತೂಕ ಏರುತ್ತದೆ. 1 ಪಿಪಿಎಂ ಅಮೋನಿಯಾ ಸುಮಾರು 2.6 ಪಿಪಿಎಂ ನೈಟ್ರೈಟ್ ಆಗುತ್ತದೆ, ಅದು ಮುಂದೆ ಸುಮಾರು 3.5 ಪಿಪಿಎಂ ನೈಟ್ರೇಟ್ ಆಗುತ್ತದೆ. 1, 2.6, 3.5. ಈ ಮೂರು ಅಂಕಿ ಟ್ಯಾಂಕಿನ ಪಕ್ಕದ ಗೋಡೆಗೆ ಅಂಟಿಸಿಡಿ.

ಒಂದು ಎಚ್ಚರಿಕೆ: ಕೆಲವು ಕಿಟ್‌ಗಳು ಇಡೀ ಅಯಾನಿನ (ಸಾರಜನಕಕ್ಕೆ ಅಂಟಿದ್ದೆಲ್ಲ ಸೇರಿದ ಕಣದ) ತೂಕವನ್ನಲ್ಲ, ಬರೀ ಸಾರಜನಕದ ತೂಕವನ್ನು ಹೇಳುತ್ತವೆ. ಬಣ್ಣದ ಚಾರ್ಟ್‌ನಲ್ಲಿ ‘ನೈಟ್ರೇಟ್-ನೈಟ್ರೋಜನ್’ ಎಂಬ ಅರ್ಥದ ಗುರುತು ಇದ್ದರೆ ಆ ಅಂಕಿಯನ್ನು 4.4ರಿಂದ ಗುಣಿಸಿದರೆ ನೈಟ್ರೇಟ್ ಸಿಗುತ್ತದೆ. ನೈಟ್ರೈಟ್‌ಗೆ 3.3, ಅಮೋನಿಯಾಕ್ಕೆ 1.2ರಿಂದ 1.3. ಮೂರೂ ಕಿಟ್ ಸಾರಜನಕದ ಲೆಕ್ಕದಲ್ಲೇ ಇದ್ದರೆ ಗುಣಿಸುವ ತಾಪತ್ರಯವೇ ಇಲ್ಲ, ಒಂದಕ್ಕೆ ಒಂದು. ಎರಡು ಕಂಪನಿಯ ಕಿಟ್ ಬೆರೆಸಿ ಬಳಸುವವರು ಎಡವುವುದು ಇಲ್ಲೇ.

ಟ್ಯಾಂಕ್, ನೀರು, ಅಮೋನಿಯಾ ದ್ರಾವಣ

ಗಾಜಿನ ಟ್ಯಾಂಕ್ 75 × 40 × 40 ಸೆ.ಮೀ. ಅಂಚಿನಿಂದ 4 ಸೆ.ಮೀ. ಕೆಳಗಿನವರೆಗೆ ತುಂಬಿದರೆ 108 ಲೀಟರ್. ಒಳಗೆ 15 ಕೆಜಿ ಆರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಮರಳು, ಇದು ಮೂರು ಸೆ.ಮೀ.ಗಿಂತ ಸ್ವಲ್ಪ ಹೆಚ್ಚು ದಪ್ಪ ಕೂರುತ್ತದೆ. ಜೊತೆಗೆ ಸುಮಾರು 10 ಕೆಜಿ ಒಣ ಬಂಡೆ. ಎರಡೂ ಸೇರಿ ಎಂಟು ಹತ್ತು ಲೀಟರ್ ಜಾಗ ನುಂಗುತ್ತವೆ, ನಿಜವಾದ ನೀರು ಹತ್ತಿರಹತ್ತಿರ 100 ಲೀಟರ್. ಗಾತ್ರದ ಲೆಕ್ಕವನ್ನು ನಂಬುವುದಕ್ಕಿಂತ ತುಂಬಿಸುವಾಗ ಬಕೆಟ್ ಎಣಿಸುವುದು ಮೇಲು, ಮುಂದಿನ ಡೋಸ್‌ಗಳೆಲ್ಲ ನಿಂತಿರುವುದು ಈ ಒಂದು ಅಂಕಿಯ ಮೇಲೆ.

ನೀರು ಆರ್‌ಒ-ಡಿಐ, ಎಂದರೆ ಲವಣವೆಲ್ಲ ಸೋಸಿ ತೆಗೆದದ್ದು, ಟಿಡಿಎಸ್ (ಕರಗಿದ ಲವಣಗಳ ಮೊತ್ತ) ಸೊನ್ನೆ. ನಲ್ಲಿ ನೀರಿನಲ್ಲಿ ಕ್ಲೋರಮೈನ್ (ನೀರು ಶುದ್ಧಿಗೆ ಹಾಕುವ ಕ್ಲೋರಿನ್-ಅಮೋನಿಯಾ ಸಂಯುಕ್ತ) ಇದ್ದರೆ ಅದನ್ನು ಒಡೆಯುವ ಔಷಧಿ ಹಾಕಿದಾಗ ಅಮೋನಿಯಾ ಹೊರಬೀಳುತ್ತದೆ, ಪುಸ್ತಕದ ಮೊದಲ ಸಾಲೇ ತಪ್ಪಾಗುತ್ತದೆ. ಉಪ್ಪಿನ ಮಿಶ್ರಣ ಲೀಟರಿಗೆ 36ರಿಂದ 40 ಗ್ರಾಂ, ಬ್ರಾಂಡ್ ನೋಡಿಕೊಂಡು. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ತಳದಲ್ಲಿ ದ್ರಾವಣ ಅತಿ ಗಾಢವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಗಸಿಯಾಗಿ ಇಳಿದುಬಿಡುತ್ತದೆ, ಆಮೇಲೆ ಎಷ್ಟು ಕಲಕಿದರೂ ಕರಗದು.

ಗುರಿ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಲವಣ), ಅಂದರೆ ಸಾಪೇಕ್ಷ ಸಾಂದ್ರತೆ 1.026. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿ ಬಿಡುವುದು ಸಾಲದು. ಅಗ್ಗದ ಉಪಕರಣಗಳಲ್ಲಿ ಹಲವು ಸಮುದ್ರದ ನೀರಿಗಲ್ಲ, ಅಡುಗೆ ಉಪ್ಪಿನ ದ್ರಾವಣಕ್ಕೆ ಗೆರೆ ಹಾಕಿದವು, 35ರ ಹತ್ತಿರ ಒಂದೂವರೆ ಪಿಪಿಟಿ ವ್ಯತ್ಯಾಸ ಬರುತ್ತದೆ. ಅಳೆಯಬೇಕಾದ ಜಾಗದಲ್ಲೇ ಹೊಂದಿಸಿ: 3.65 ಗ್ರಾಂ ಶುದ್ಧ ಉಪ್ಪನ್ನು 96.35 ಗ್ರಾಂ ಆರ್‌ಒ ನೀರಿನಲ್ಲಿ ಕರಗಿಸಿದರೆ ಅದು ಬೆಳಕನ್ನು 35 ಪಿಪಿಟಿ ಸಮುದ್ರದ ನೀರಿನಷ್ಟೇ ಬಾಗಿಸುತ್ತದೆ. ಅದರ ಎರಡು ಹನಿ ಗಾಜಿನ ಮೇಲೆ ಬಿಟ್ಟು ಗೆರೆಯನ್ನು 35ಕ್ಕೆ ತಿರುಗಿಸಿ.

ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್. 6 ಗ್ರಾಂ ತೂಗಿ, ಆರ್‌ಒ ನೀರು ಸೇರಿಸಿ ಒಟ್ಟು 100 ಮಿ.ಲೀ. ಮಾಡಿಟ್ಟುಕೊಳ್ಳಿ. ಇದರ 10 ಮಿ.ಲೀ. 100 ಲೀಟರಿಗೆ ಹಾಕಿದರೆ 2 ಪಿಪಿಎಂ. ಪ್ರತಿ ಸಲ 0.6 ಗ್ರಾಂ ತೂಗಲು ಹೊರಟರೆ ಅಡುಗೆಮನೆಯ ತಕ್ಕಡಿ ಕೈಕೊಡುತ್ತದೆ, ಒಮ್ಮೆ 6 ಗ್ರಾಂ ತೂಗುವುದು ಸುಲಭ. ಸತ್ತ ಸೀಗಡಿ ಹಾಕಿ ಕೊಳೆಸುವ ಹಳೆಯ ಪದ್ಧತಿಯಿಂದಲೂ ಸೈಕಲ್ ಆಗುತ್ತದೆ, ಇಲ್ಲ ಎನ್ನುವಂತಿಲ್ಲ. ಆದರೆ ಒಳಗೆ ಎಷ್ಟು ಹೋಯಿತು ಎಂಬುದೇ ತಿಳಿಯದ ಮೇಲೆ ಮುಂದಿನ ಯಾವ ರೀಡಿಂಗನ್ನೂ ತಾಳೆ ನೋಡುವಂತಿಲ್ಲ. ಜೀವಂತ ಮೀನು ಬಿಟ್ಟು ಸೈಕಲ್ ಮಾಡುವುದಂತೂ ಬೇಡವೇ ಬೇಡ, ಕಾರಣ ಪಿಎಚ್‌ನ ಮಾತು ಬಂದಾಗ.

ಹೀಟರ್ 26 ಡಿಗ್ರಿಗೆ. ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರು ತಿರುಗಿಸುವ ಪಂಪು) ಮುಖ ಮೇಲಕ್ಕೆ, ನೀರಿನ ಮೇಲ್ಮೈ ಕುದಿಯುವಂತೆ ಅಲುಗಬೇಕು. ಒಂದು ಮಿ.ಗ್ರಾಂ ಅಮೋನಿಯಾ-ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ನಾಲ್ಕೂವರೆ ಮಿ.ಗ್ರಾಂ ಆಮ್ಲಜನಕ ಖರ್ಚಾಗಿರುತ್ತದೆ. ಲೈಟ್ ಬಂದ್, ಇಲ್ಲದಿದ್ದರೆ ಪಾಚಿ ಪಾಲು ಕೇಳುತ್ತದೆ. ಬಾಟಲಿಯ ಬ್ಯಾಕ್ಟೀರಿಯಾ ಹಾಕುವುದಾದರೆ ಮೊದಲ ಕೆಲವು ದಿನ ಸ್ಕಿಮ್ಮರ್ (ನೊರೆಯಲ್ಲಿ ಕೊಳೆ ತೆಗೆಯುವ ಯಂತ್ರ) ಮತ್ತು ಯುವಿ (ಸೂಕ್ಷ್ಮಜೀವಿ ಕೊಲ್ಲುವ ದೀಪ) ಎರಡೂ ಬಂದ್. ಈ ದಾಖಲೆ ಬಾಟಲಿ ಇಲ್ಲದ ಓಟದ್ದು.

ಕಿಟ್ ಕೈಗೆತ್ತಿಕೊಂಡಾಗ

ಅಮೋನಿಯಾ ಕಿಟ್ ಸ್ಯಾಲಿಸಿಲೇಟ್ ವಿಧಾನದ್ದಾಗಿರಲಿ, ಹಳದಿಯಿಂದ ಹಸಿರಿಗೆ ತಿರುಗುವಂಥದ್ದು. ನೆಸ್ಲರ್ ದ್ರಾವಣದ ಕಿಟ್ ಉಪ್ಪುನೀರಿನಲ್ಲಿ ಮಬ್ಬಾಗಿ ಗಸಿ ಕಟ್ಟುತ್ತದೆ, ಮೇಲಾಗಿ ಅದರಲ್ಲಿ ಪಾದರಸ ಇರುತ್ತದೆ.

ಟ್ಯೂಬನ್ನು ಮೊದಲು ಟ್ಯಾಂಕಿನ ನೀರಿನಿಂದಲೇ ಎರಡು ಸಲ ತೊಳೆದು ಚೆಲ್ಲಿ. 5 ಮಿ.ಲೀ. ಗೆರೆಗೆ ನೀರಿನ ಬಾಗಿದ ಮೇಲ್ಮೈಯ ತಳ ತಾಗಬೇಕು, ಅಂಚಲ್ಲ. ಬಾಟಲಿಯನ್ನು ನೆಟ್ಟಗೆ ತಲೆಕೆಳಗು ಹಿಡಿದು ಹನಿಸಿ. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ಎಂಟು ಹನಿ ಎಂದು ಎಣಿಸಿದ್ದು ಆರೂವರೆ ಹನಿಯಷ್ಟಾಗಬಹುದು. ಮುಚ್ಚಳದ ಬದಲು ಹೆಬ್ಬೆರಳಿಟ್ಟು ಅಲುಗಾಡಿಸುವ ಅಭ್ಯಾಸ ಬಿಡಬೇಕು, ಚರ್ಮದ ಬೆವರಿನಲ್ಲೂ ಅಮೋನಿಯಾ ಇರುತ್ತದೆ. ಬಣ್ಣ ನೋಡುವುದು ಹಗಲಿನ ಬೆಳಕಿನಲ್ಲಿ, ಬಿಳಿ ಕಾಗದದ ಮುಂದೆ. ಟ್ಯಾಂಕಿನ ನೀಲಿ ಲೈಟ್ ಕೆಳಗೆ ಓದಿದ ರೀಡಿಂಗ್ ಬರೆದಿಟ್ಟುಕೊಳ್ಳಲೂ ಯೋಗ್ಯವಲ್ಲ.

ಶುರುವಿನಲ್ಲೇ ಮಾಡಬೇಕಾದ, ಯಾರೂ ಮಾಡದ ಕೆಲಸ: ಹೊಸದಾಗಿ ಕಲಸಿದ ಉಪ್ಪುನೀರನ್ನು, ಟ್ಯಾಂಕಿಗೆ ಹಾಕುವ ಮೊದಲೇ, ಮೂರೂ ಕಿಟ್‌ನಲ್ಲಿ ಅಳೆಯುವುದು. ಕೆಲವು ಉಪ್ಪಿನಲ್ಲಿ ಚೂರು ಅಮೋನಿಯಾ ಮೊದಲೇ ಇರುತ್ತದೆ, ಕೆಲವು ಕಿಟ್ ಸೊನ್ನೆಯನ್ನೂ ತಿಳಿಹಸಿರಾಗಿ ತೋರಿಸುತ್ತವೆ. ಈ ಬಣ್ಣವೇ ನಿಮ್ಮ ಸೊನ್ನೆ. ತಿಂಗಳ ಕೊನೆಗೆ ‘0.25 ಹೋಗ್ತಾನೇ ಇಲ್ಲ’ ಎಂದು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಎರಡು ಟ್ಯೂಬ್ ಪಕ್ಕಪಕ್ಕ ಹಿಡಿದು ನೋಡಿದರೆ ಚಾರ್ಟ್‌ನ ಅಗತ್ಯವೂ ಇರುವುದಿಲ್ಲ.

ನೈಟ್ರೇಟ್ ಕಿಟ್‌ನ ಒಂದು ಬಾಟಲಿಯಲ್ಲಿ ಸಾಮಾನ್ಯವಾಗಿ ಸತುವಿನಂಥ ಲೋಹದ ಪುಡಿ ಇರುತ್ತದೆ, ಅದು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೇಜಿಗೆ ಕುಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕದೆ ಹನಿಸಿದರೆ ಬರೀ ನೀರು ಬೀಳುತ್ತದೆ, ರೀಡಿಂಗ್ ಸೊನ್ನೆಯ ಹತ್ತಿರ. ಹಾಗೆ ಹಲವು ಸಲ ಬಳಸಿದ ಬಾಟಲಿಯಲ್ಲಿ ಕೊನೆಗೆ ಪುಡಿ ಹೆಚ್ಚಾಗಿ ಉಳಿದು ರೀಡಿಂಗ್ ದಿಢೀರನೆ ಏರಿದ್ದೂ ಉಂಟು.

ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿಟ್‌ಗಳನ್ನು ಈ ತಿಂಗಳು ತೆರೆಯಬೇಡಿ. ಹವಳ ಇಲ್ಲದೆ ಅವು ಎಲ್ಲಿಗೂ ಹೋಗುವುದಿಲ್ಲ.

ದಿನಚರಿ

ಕೆಳಗಿನದು ಇಂಥ ಟ್ಯಾಂಕಿನ ಮಾದರಿ ಓಟ. ದಿನಗಳು ಟ್ಯಾಂಕಿನಿಂದ ಟ್ಯಾಂಕಿಗೆ ವಾರಗಟ್ಟಲೆ ಹಿಂದೆಮುಂದೆ ಆಗುತ್ತವೆ, ಏರಿಳಿತದ ಕ್ರಮ ಮಾತ್ರ ಇದೇ.

ದಿನ 0. ಉಪ್ಪು 35 ಪಿಪಿಟಿ, 26 ಡಿಗ್ರಿ, ಪಿಎಚ್ 8.2, ಅಲ್ಕಲಿನಿಟಿ (ಆಮ್ಲವನ್ನು ತಡೆಯುವ ಶಕ್ತಿ) 9 ಡಿಕೆಎಚ್ (ಅದರ ಅಳತೆಯ ಮಾನ). ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಸೊನ್ನೆ. ನೀರು ಹಾಲಿನಂತೆ ಮಬ್ಬು, ಅದು ಮರಳಿನ ದೂಳು.

ದಿನ 1. ದ್ರಾವಣ 10 ಮಿ.ಲೀ. ಒಂದು ಗಂಟೆ ಬಿಟ್ಟು ಅಮೋನಿಯಾ 2. ಇಲ್ಲಿ 2ರ ಬದಲು 4 ಬಂದರೆ ನೀರಿನ ಅಳತೆ ತಪ್ಪಿದೆ ಅಥವಾ ಬಂಡೆ ಅಮೋನಿಯಾ ಬಿಡುತ್ತಿದೆ. ಮಾರನೇ ದಿನವೂ ಏರುತ್ತಿದ್ದರೆ ಬಂಡೆಯದೇ ಕೆಲಸ.

ದಿನ 2ರಿಂದ 7. ಅಮೋನಿಯಾ 2, ನೈಟ್ರೈಟ್ 0. ಏನೂ ಆಗುತ್ತಿಲ್ಲ ಎನ್ನಿಸುವ ವಾರ. ಇನ್ನೊಂದು ಡೋಸ್ ಹಾಕುವ ಚಪಲ ಬರುತ್ತದೆ, ಹಾಕಬೇಡಿ. 5 ಪಿಪಿಎಂ ದಾಟಿದರೆ ಈ ಜೀವಿಗಳೇ ನಿಧಾನಿಸುತ್ತವೆ. ಇವು ಗಂಟೆಗೆ ಎರಡು ಮೂರು ಸಲ ಇಬ್ಭಾಗವಾಗುವ ಜಾತಿಯವಲ್ಲ, ದಿನದ ಲೆಕ್ಕದಲ್ಲಿ ದುಪ್ಪಟ್ಟಾಗುವಂಥವು. ದಿನಾ ಅಳೆದು ರಾಸಾಯನಿಕ ಖಾಲಿ ಮಾಡುವ ಬದಲು ಮೂರು ದಿನಕ್ಕೊಮ್ಮೆ ಸಾಕು.

ದಿನ 8. ಅಮೋನಿಯಾ 1.5, ನೈಟ್ರೈಟ್ 1. ತಾಳೆ ನೋಡಿ: ಅರ್ಧ ಪಿಪಿಎಂ ಅಮೋನಿಯಾ ಹೋಯಿತು, 1.3 ನೈಟ್ರೈಟ್ ಬರಬೇಕು. ಚಾರ್ಟ್‌ನಲ್ಲಿ 1 ಮತ್ತು 2ರ ನಡುವೆ ಗೆರೆಯೇ ಇಲ್ಲ, ಹಾಗಾಗಿ 1. ಸರಿಯಿದೆ. ಅಮೋನಿಯಾ ಮಾತ್ರ ಇಳಿದು ನೈಟ್ರೈಟ್ ಬಾರದೇ ಇದ್ದರೆ ಆಗ ಅನುಮಾನಪಡಬೇಕು, ಮೊದಲು ಕಿಟ್‌ನ ಮೇಲೆ, ಆಮೇಲೆ ಪಾಚಿಯ ಮೇಲೆ.

ಇಲ್ಲಿ ಕೆಲಸ ಮಾಡುತ್ತಿರುವುದು ಬ್ಯಾಕ್ಟೀರಿಯಾ ಮಾತ್ರ ಎಂದು ಬಹುಕಾಲ ನಂಬಿಕೆ ಇತ್ತು. ಅಮೋನಿಯಾ ತಿನ್ನುವ ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಾಣುವ, ಬೇರೆಯೇ ವಂಶದ ಸೂಕ್ಷ್ಮಜೀವಿ) ಒಂದನ್ನು, ನೈಟ್ರೋಸೋಪ್ಯೂಮಿಲಸ್ ಮ್ಯಾರಿಟಿಮಸ್, ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಟ್ಯಾಂಕಿನ ಜಲ್ಲಿಯಿಂದಲೇ ಬೇರ್ಪಡಿಸಿ 2005ರಲ್ಲಿ ಪ್ರಕಟಿಸಿದರು. ಅಕ್ವೇರಿಯಂ ಜಲ್ಲಿಗೆ ಸಿಕ್ಕ ಮರ್ಯಾದೆ ಅದು.

ದಿನ 12. ಅಮೋನಿಯಾ 0.25, ನೈಟ್ರೈಟ್ ಚಾರ್ಟ್‌ನ ಕೊನೆಯ ಬಣ್ಣ, 5. ಲೆಕ್ಕದ ಪ್ರಕಾರ 4.5. ‘ಹಾಕಿದ್ದು 2, ಬಂದದ್ದು 5, ಏನೋ ಸತ್ತಿದೆ’ ಎಂದು ಗಾಬರಿಯಾಗುವುದು ಈ ದಿನ. ಏನೂ ಸತ್ತಿಲ್ಲ, ತೂಕ ಏರಿದೆ ಅಷ್ಟೇ.

ದಿನ 14. ಅಮೋನಿಯಾ 0. ಮೊದಲ ಗುಂಪು ಹಸಿದು ಸಾಯದಂತೆ ಊಟ ಹಾಕಬೇಕು, ಆದರೆ ಪೂರ್ತಿ ಅಲ್ಲ. 5 ಮಿ.ಲೀ., ಅಂದರೆ 1 ಪಿಪಿಎಂ. ಪ್ರತಿ ಸಲ 2 ಸುರಿದರೆ ನೈಟ್ರೈಟ್ ಹತ್ತು ಹದಿನೈದಕ್ಕೆ ಹೋಗಿ ಕೂರುತ್ತದೆ, ಇಳಿಯುವ ದಾರಿ ಉದ್ದವಾಗುತ್ತದೆ.

ದಿನ 16. ಅಮೋನಿಯಾ 0. ನೈಟ್ರೈಟ್ ಟ್ಯೂಬ್ ಕಡುನೇರಳೆ, ಚಾರ್ಟ್‌ನ ಹೊರಗೆ. ಇಂಥಲ್ಲಿ ‘5ಕ್ಕಿಂತ ಹೆಚ್ಚು’ ಎಂದು ಬರೆದರೆ ನಾಳೆಯದು ಏರಿತೋ ಇಳಿಯಿತೋ ಗೊತ್ತಾಗದು. ತೆಳು ಮಾಡಿ: ಸಿರಿಂಜಿನಲ್ಲಿ 1 ಮಿ.ಲೀ. ಟ್ಯಾಂಕಿನ ನೀರು, 4 ಮಿ.ಲೀ. ಆರ್‌ಒ ನೀರು, ಬಂದ ರೀಡಿಂಗ್ ಗುಣಿಲೆ 5. ಬಣ್ಣ 1 ಮತ್ತು 2ರ ನಡುವೆ, ಅಂದರೆ ಏಳೆಂಟು. ಲೆಕ್ಕ: 3 ಗುಣಿಲೆ 2.6, 7.8. ತಾಳೆಯಾಯಿತು.

ಅದೇ ದಿನ ನೈಟ್ರೇಟ್ ಕಿಟ್: 80ರ ಕೆಂಪು. ನೈಟ್ರೇಟ್ ಕಿಟ್ ನೇರವಾಗಿ ನೈಟ್ರೇಟ್ ಅಳೆಯುವುದಿಲ್ಲ. ಲೋಹದ ಪುಡಿ ನೈಟ್ರೇಟಿನ ಒಂದು ಪಾಲನ್ನು ನೈಟ್ರೈಟ್ ಮಾಡುತ್ತದೆ, ಬಣ್ಣ ಬರುವುದು ಆ ನೈಟ್ರೈಟಿನಿಂದ. ನೀರಿನಲ್ಲಿ ಮೊದಲೇ ನೈಟ್ರೈಟ್ ತುಂಬಿದ್ದರೆ ಅದೆಲ್ಲ ಪೂರ್ತಿಯಾಗಿ ಬಣ್ಣ ಹಿಡಿಯುತ್ತದೆ, ಕಿಟ್ ಅದನ್ನು ಹಲವು ಪಟ್ಟು ನೈಟ್ರೇಟ್ ಎಂದು ಓದುತ್ತದೆ. ನೈಟ್ರೈಟ್ ಸೊನ್ನೆಗೆ ಇಳಿಯುವ ತನಕ ನೈಟ್ರೇಟ್ ಕಾಲಂ ಖಾಲಿ ಬಿಡಿ.

ದಿನ 17ರಿಂದ 25. ನೈಟ್ರೈಟ್ ಅಲ್ಲೇ. ಅಲ್ಕಲಿನಿಟಿ 8, ಪಿಎಚ್ 8.1. ಈ ಒಂದು ಡಿಕೆಎಚ್ ಎಲ್ಲಿಗೆ ಹೋಯಿತು ಎಂದರೆ ಅದಕ್ಕೂ ಲೆಕ್ಕವಿದೆ: ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಪ್ರತಿ 1 ಪಿಪಿಎಂ ಅಮೋನಿಯಾಕ್ಕೆ ಸುಮಾರು ಮೂರನೇ ಒಂದು ಡಿಕೆಎಚ್ ಕರಗುತ್ತದೆ. ಹಾಕಿದ್ದು 3, ಹೋದದ್ದು 1. ಅಮೋನಿಯಾ ಕಿಟ್ ಹಾಳಾಗಿದೆಯೋ ಎಂಬ ಸಂಶಯ ಬಂದಾಗ ಅಲ್ಕಲಿನಿಟಿ ಒಳ್ಳೆಯ ಸಾಕ್ಷಿ. 7ಕ್ಕಿಂತ ಕೆಳಗಿಳಿದರೆ ಅಡುಗೆ ಸೋಡಾ, 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಲೋಟ ನೀರಿನಲ್ಲಿ ಕರಗಿಸಿ ಪವರ್‌ಹೆಡ್ ಮುಂದೆ ನಿಧಾನ ಸುರಿಯಿರಿ.

ನೈಟ್ರೈಟ್ ಹೀಗೆ ತಟಸ್ಥವಾಗಿ ನಿಂತಾಗ ನೋಡಬೇಕಾದ ಇನ್ನೊಂದು ಕಾಲಂ ಫಾಸ್ಫೇಟ್. ಒಣ ಬಂಡೆ, ಆರ್‌ಒ ನೀರು, ಶುದ್ಧ ಅಮೋನಿಯಂ ಕ್ಲೋರೈಡ್, ಇವುಗಳಲ್ಲಿ ರಂಜಕ ಎಲ್ಲೂ ಇಲ್ಲದಿರಬಹುದು. ಜೀವಕೋಶ ಕಟ್ಟಲು ರಂಜಕ ಬೇಕೇ ಬೇಕು. ಫಾಸ್ಫೇಟ್ ಸೊನ್ನೆ ಇದ್ದರೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿದರೆ ಸಾಕು. ಅದರಲ್ಲಿ ಸಾರಜನಕವೂ ಇದೆ, ಪುಸ್ತಕದಲ್ಲಿ ಚಿಕ್ಕ ತಪ್ಪು ನುಸುಳುತ್ತದೆ, ಒಪ್ಪಿಕೊಳ್ಳೋಣ.

ಈ ವಾರದಲ್ಲಿ ಆವಿಯಾದ ನೀರಿನ ಬದಲು ಉಪ್ಪುನೀರು ಸುರಿಯುವ ತಪ್ಪು ಸಾಮಾನ್ಯ. ಆವಿಯಾಗುವುದು ಬರೀ ನೀರು. 5 ಲೀಟರ್ ಇಳಿದರೆ 35 ಇದ್ದದ್ದು 36.8 ಆಗಿರುತ್ತದೆ, ಮೇಲೆ ಉಪ್ಪುನೀರು ಸೇರಿಸಿದರೆ ಅಲ್ಲೇ ಉಳಿಯುತ್ತದೆ. ತುಂಬಿಸಬೇಕಾದದ್ದು ಆರ್‌ಒ ನೀರು, ಗಾಜಿನ ಮೇಲೆ ಗೆರೆ ಎಳೆದುಕೊಂಡು.

ದಿನ 27. ನೈಟ್ರೈಟ್ 2. ಇಳಿಯತೊಡಗಿದರೆ ಬೇಗ ಇಳಿಯುತ್ತದೆ.

ದಿನ 31. ನೈಟ್ರೈಟ್ 0. ಈಗ ನೈಟ್ರೇಟ್ ಅಳೆಯಿರಿ: 10. ಲೆಕ್ಕ 3 ಗುಣಿಲೆ 3.5, 10.5. ಇಲ್ಲಿ 40 ಬಂದಿದ್ದರೆ ಉಳಿದ 30 ಒಣ ಬಂಡೆಯೊಳಗಿನ ಹಳೆಯ ಸಾವಯವದಿಂದ ಬಂದದ್ದು, ಅಥವಾ ತುಂಬಿಸಿದ ನೀರಿನಲ್ಲೇ ಇದ್ದದ್ದು. ಬಂಡೆಯದಾದರೆ ಫಾಸ್ಫೇಟೂ ಜೊತೆಗೆ ಏರಿರುತ್ತದೆ.

ದಿನ 32. ಪರೀಕ್ಷೆಯ ಡೋಸ್, 10 ಮಿ.ಲೀ., 2 ಪಿಪಿಎಂ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಪಾಸ್.

ದಿನ 33. 24 ಗಂಟೆಗೆ ಅಮೋನಿಯಾ 0, ನೈಟ್ರೈಟ್ 1. ಫೇಲ್. ಎರಡನೇ ಗುಂಪು ಇನ್ನೂ ಹಿಂದಿದೆ. ಮಾರನೇ ದಿನ ನೈಟ್ರೈಟ್ 0.

ದಿನ 35. ಮತ್ತೆ 10 ಮಿ.ಲೀ.

ದಿನ 36. ಎರಡೂ 0. ನೈಟ್ರೇಟ್ 20 ಮತ್ತು 40ರ ನಡುವೆ. ಒಟ್ಟು ಹಾಕಿದ್ದು 7 ಪಿಪಿಎಂ, ಬರಬೇಕಾದದ್ದು 24.5. ಪಾಸ್. ಅಲ್ಕಲಿನಿಟಿ 6.7.

ಅರ್ಧ ನೀರು ಬದಲಿಸಿದರೆ ನೈಟ್ರೇಟ್ 12ಕ್ಕೆ, ಹೊಸ ನೀರಿನ 9 ಡಿಕೆಎಚ್ ಬೆರೆತು ಅಲ್ಕಲಿನಿಟಿ 7.8ರ ಸುತ್ತಮುತ್ತ. ಬೇರೆ ಸೋಡಾ ಬೇಕಿಲ್ಲ.

ಪಿಎಚ್ ಮತ್ತು ವಿಷದ ಮಾತು

ಅಮೋನಿಯಾ ಕಿಟ್ ತೋರಿಸುವುದು ಎರಡು ರೂಪದ ಮೊತ್ತ: ಕಿವಿರು ಸುಡುವ ಮುಕ್ತ ಅಮೋನಿಯಾ, ಅಷ್ಟೇನೂ ಕಾಡದ ಅಮೋನಿಯಂ. ಪಾಲು ಹಂಚುವುದು ಪಿಎಚ್. 25 ಡಿಗ್ರಿ ಸಮುದ್ರದ ನೀರಿನಲ್ಲಿ ಪಿಎಚ್ 8.2 ಇದ್ದರೆ ಸುಮಾರು 6% ಮುಕ್ತ, 7.8 ಇದ್ದರೆ ಎರಡೂವರೆ. 2 ಪಿಪಿಎಂ ಎಂದರೆ 8.2ರಲ್ಲಿ 0.12 ಮುಕ್ತ ಅಮೋನಿಯಾ, ಮೀನಿಗೆ ಇದು ಹೆಚ್ಚಾಯಿತು. ಸಿಹಿನೀರಿನ ಟ್ಯಾಂಕಿನಲ್ಲಿ ಪಿಎಚ್ 7ರ ಹತ್ತಿರ ಇಟ್ಟು ದಕ್ಕಿಸಿಕೊಂಡ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನೈಟ್ರೈಟ್ ವಿಷಯದಲ್ಲಿ ಇದು ತಿರುವುಮುರುವು. ಸಿಹಿನೀರಿನಲ್ಲಿ 1 ಪಿಪಿಎಂ ನೈಟ್ರೈಟ್ ಗಂಭೀರ. ಸಮುದ್ರದ ನೀರಿನಲ್ಲಿ ಲೀಟರಿಗೆ 19 ಗ್ರಾಂ ಕ್ಲೋರೈಡ್ ಇದೆ, ಕಿವಿರಿನ ಬಾಗಿಲಲ್ಲಿ ಅದೇ ನೂಕುನುಗ್ಗಲು ಮಾಡಿ ನೈಟ್ರೈಟನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಉಪ್ಪುನೀರಿನಲ್ಲಿ ನೈಟ್ರೈಟ್ ರೀಡಿಂಗ್‌ನ ಬೆಲೆ ವಿಷದ ಸೂಚನೆಯಾಗಿ ಕಡಿಮೆ, ಸೈಕಲ್ ಎಲ್ಲಿಗೆ ಬಂತು ಎಂಬ ಮೈಲಿಗಲ್ಲಾಗಿ ಹೆಚ್ಚು.

ಅಮೋನಿಯಾ ಕಟ್ಟಿಹಾಕುವ ಔಷಧಿಗಳನ್ನು ಸೈಕಲ್ ಮಧ್ಯೆ ಹಾಕಿದರೆ ಸ್ಯಾಲಿಸಿಲೇಟ್ ಕಿಟ್ ಕಟ್ಟಿಹಾಕಿದ ಅಮೋನಿಯಾವನ್ನೂ ಎಣಿಸುತ್ತದೆ. ‘ಹಾಕಿದರೂ ಇಳಿಯಲಿಲ್ಲ’ ಎಂದು ಮತ್ತೆ ಮತ್ತೆ ಸುರಿಯುವುದು ದಂಡ.

ಮೊದಲ ಮೀನು ಚಿಕ್ಕದು, ಒಂದೇ. ಬಿಡುವ ದಿನದವರೆಗೂ ಎರಡು ಮೂರು ದಿನಕ್ಕೊಮ್ಮೆ 5 ಮಿ.ಲೀ. ದ್ರಾವಣ ಬೀಳುತ್ತಿರಲಿ, ಬಿಡುವ ಹಿಂದಿನ ದಿನ ನಿಲ್ಲಿಸಿ. ಮೀನು ಬಂದ ಮೇಲೆ ಒಂದು ವಾರ ದಿನಾ ಅಮೋನಿಯಾ ಮಾತ್ರ ಅಳೆಯಿರಿ, ಹೊಸ ಉಪ್ಪುನೀರಿನ ಟ್ಯೂಬ್ ಪಕ್ಕದಲ್ಲಿಟ್ಟುಕೊಂಡು. ಲೈಟ್ ಹಾಕಿದ ಕೆಲವು ವಾರಗಳಲ್ಲಿ ಮರಳಿನ ಮೇಲೆ ಕಂದು ಪುಡಿ ಹರಡುತ್ತದೆ. ಅದು ಡಯಾಟಮ್, ನೀರಿನ ಸಿಲಿಕೇಟ್ ತಿಂದು ಬೆಳೆದದ್ದು, ಈ ಕಿಟ್‌ಗಳಲ್ಲಿ ಯಾವುದರಲ್ಲೂ ಕಾಣಿಸುವುದಿಲ್ಲ.